ಅಂಗೈಯೊಳಗಿನ ಪಾಠಶಾಲೆ

ಕಡೂರು, ತರೀಕೆರೆ ಹಾಗೂ ಅಜ್ಜಂಪುರಗಳ ಸೀಮೆಯು ಬಯಲುನಾಡು ಮತ್ತು ಮಲೆನಾಡುಗಳು ಸಂಧಿಸುವ ಪ್ರದೇಶ. ಒಂದು ಕಡೆ ರಾಗಿ, ಈರುಳ್ಳಿ, ತೆಂಗುಗಳ ಬಯಲು. ಇನ್ನೊಂದು ಕಡೆ ಬಾಬಾಬುಡನ್ ಗಿರಿಶ್ರೇಣಿ ಮತ್ತು ಕೆಮ್ಮಣ್ಣುಗುಂಡಿಯ ಕಾಡು. ಇಂತಹ ಸೀಮೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಪಾಠವನ್ನು ಮುಟ್ಟಿಸುವುದು ಶಿಕ್ಷಣದ ಹಳೆಯ ಸಮಸ್ಯೆ. ಮೊಬೈಲ್ ದೂರವಾಣಿಯು ಈ ಸಮಸ್ಯೆಗೆ ಪರಿಹಾರವೆಂಬ ಮಾತು ಇಂದು ಎಲ್ಲೆಡೆಯೂ ಕೇಳಿಬರುತ್ತಿದೆ. ಆ ಮಾತಿನಲ್ಲಿ ಸತ್ಯವೆಷ್ಟು, ಅದು ಯಾವ ಮಗುವಿಗೆ ಅನ್ವಯಿಸುತ್ತದೆ ಎಂಬುದನ್ನು ವಿವೇಚಿಸುವುದು ಅಗತ್ಯವಾಗಿದೆ.

ಯಂತ್ರದ ಮೂಲಕ ಪಾಠ ಹೇಳುವ ಪ್ರಯತ್ನವು ಕರ್ನಾಟಕಕ್ಕೆ ಹೊಸದೇನೂ ಅಲ್ಲ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ಧ್ವನಿಯು ಈ ಸೀಮೆಯ ಮನೆಗಳಿಗೆ ಚಿರಪರಿಚಿತ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ಮುಟ್ಟಿಸಲಾಯಿತು. ಅವುಗಳಲ್ಲಿ ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು; ಬೆಳಗಿನ ಪ್ರಸಾರವು ಶಾಲಾ ಮಕ್ಕಳಿಗಾಗಿ ಮೀಸಲಾಗಿತ್ತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಬಿಟ್ಟ ಮೇಲೆ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು.

ಈ ಸಾಧನಗಳಲ್ಲಿ ಒಂದು ಕೊರತೆಯೂ ಒಂದು ಗುಣವೂ ಇದ್ದವು. ಪಾಠವು ಬಹುಮಟ್ಟಿಗೆ ಏಕಮುಖವಾಗಿ ಹರಿಯುತ್ತಿತ್ತು. ಅರ್ಥವಾಗದ ಮಗುವು ರೇಡಿಯೋವನ್ನು ಪ್ರಶ್ನಿಸುವಂತಿರಲಿಲ್ಲ. ಆದರೆ ಒಂದು ಪೆಟ್ಟಿಗೆಯ ಮುಂದೆ ಊರಿನ ಮಕ್ಕಳೆಲ್ಲರೂ ಒಟ್ಟಿಗೆ ಕುಳಿತು ಕಲಿಯುತ್ತಿದ್ದರು. ಮೊಬೈಲ್ ಬಂದ ಮೇಲೆ ಇವೆರಡೂ ತಲೆಕೆಳಗಾದವು. ಪಾಠವನ್ನು ನಿಲ್ಲಿಸಬಹುದು, ಮತ್ತೆ ಕೇಳಬಹುದು, ಪ್ರಶ್ನೆ ಕಳುಹಿಸಬಹುದು. ಆದರೆ ಸಾಧನವು ಒಬ್ಬರ ಸ್ವತ್ತಾಯಿತು. ಅದು ಇದ್ದವರ ಮನೆಗೆ ಪಾಠ ಬಂದಿತು, ಇಲ್ಲದವರ ಮನೆಗೆ ಬರಲಿಲ್ಲ.

ಹೊಸ ತಂತ್ರದ ಪ್ರಯೋಜನವನ್ನು ಇಂದಿನ ಪಠ್ಯಪುಸ್ತಕದಲ್ಲಿಯೇ ಕಾಣಬಹುದು. ಪುಟದ ಮೇಲೆ ಕಪ್ಪು ಬಿಳುಪು ಚುಕ್ಕಿಗಳ ಚೌಕವೊಂದು ಅಚ್ಚಾಗಿರುತ್ತದೆ. ಕ್ಯೂಆರ್ ಕೋಡ್ ಎಂಬ ಇದನ್ನು 1994ರಲ್ಲಿ ಜಪಾನಿನಲ್ಲಿ ಮೋಟಾರು ವಾಹನಗಳ ಬಿಡಿಭಾಗಗಳ ಲೆಕ್ಕವಿಡಲು ರೂಪಿಸಲಾಯಿತು. ಮೂರು ಮೂಲೆಗಳ ದೊಡ್ಡ ಚೌಕಗಳು ಯಾವ ದಿಕ್ಕಿನಿಂದ ಓದಬೇಕೆಂಬುದನ್ನು ತಿಳಿಸಿದರೆ, ಉಳಿದ ಚುಕ್ಕಿಗಳಲ್ಲಿ ಪಾಠವಿರುವ ವಿಳಾಸ ಅಡಗಿರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ದೀಕ್ಷಾ ವೇದಿಕೆಯ ಪಾಠಗಳು ಈ ಮಾರ್ಗದಿಂದ ತೆರೆದುಕೊಳ್ಳುತ್ತವೆ. ಒಮ್ಮೆ ಇಳಿಸಿಕೊಂಡ ಪಾಠವನ್ನು ಅಂತರ್ಜಾಲವಿಲ್ಲದೆಯೂ ನೋಡಬಹುದು, ಮತ್ತೊಂದು ಮೊಬೈಲಿಗೆ ದಾಟಿಸಬಹುದು. ಗ್ರಾಮೀಣ ಶಾಲೆಗಳಿಗೆ ಈ ಸೌಲಭ್ಯವೇ ಎಲ್ಲಕ್ಕಿಂತ ಮುಖ್ಯವಾದುದು.

ಏಕೆಂದರೆ ಸಂಕೇತವು ಎಲ್ಲೆಡೆಯೂ ಸಮನಾಗಿ ದೊರೆಯುವುದಿಲ್ಲ. ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರದ ಕಂಪನಾಂಕ 675 ಕಿಲೋಹರ್ಟ್ಸ್. ಆ ಅಲೆಯ ಉದ್ದ ಸುಮಾರು 440 ಮೀಟರ್. ಅಷ್ಟು ಉದ್ದದ ಅಲೆಯು ನೆಲವನ್ನು ಅನುಸರಿಸಿ ಬಾಗುತ್ತಾ ಸಾಗಬಲ್ಲದು. ಮೊಬೈಲ್ ಅಲೆಯ ಉದ್ದವಾದರೋ ಒಂದು ಗೇಣಿನ ಆಸುಪಾಸು. ಅದು ಹೆಚ್ಚು ಕಡಮೆ ನೇರವಾಗಿ ಸಾಗುವುದರಿಂದ ಅಡ್ಡ ಬಂದ ಗುಡ್ಡವನ್ನು ಬಳಸಿ ಹೋಗಲಾರದು. ಬಯಲಿನ ಊರಿಗೆ ಒಂದು ಗೋಪುರವು ಸಾಕಾದರೆ, ಬೆಟ್ಟದ ಮಗ್ಗುಲಿನ ಹಳ್ಳಿಗೆ ಅದು ನಿರುಪಯುಕ್ತವಾಗಬಹುದು. ಪಾಠ ಕೇಳಲೆಂದು ಮಲೆನಾಡಿನ ವಿದ್ಯಾರ್ಥಿಗಳು ಗುಡ್ಡ ಹತ್ತಿ ಕುಳಿತ ದೃಶ್ಯಗಳ ಹಿಂದಿರುವ ಕಾರಣ ಇದೇ.

ಆ ದೃಶ್ಯಗಳು ಕೊರೋನಾ ಕಾಲದವು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯು ಪ್ರೌಢಶಾಲೆಯ ಪಾಠಗಳನ್ನು ಪ್ರಸಾರ ಮಾಡತೊಡಗಿತು. ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರವು ವಿದ್ಯಾಗಮ ಯೋಜನೆಯನ್ನು ಆರಂಭಿಸಿತು. ಅದರ ವಿಶೇಷವೆಂದರೆ, ಯಾವ ಮಗುವಿನ ಮನೆಯಲ್ಲಿ ಯಾವ ಸಾಧನವಿದೆ ಎಂಬುದನ್ನು ಮೊದಲು ವಿಚಾರಿಸಿದ್ದು. ಅಂತರ್ಜಾಲವುಳ್ಳ ಮೊಬೈಲ್ ಇರುವವರು, ಸಾಧಾರಣ ಮೊಬೈಲ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ, ಶಿಕ್ಷಕರು ತಾವೇ ಊರೂರಿಗೆ ನಡೆದು ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಇದು ಸ್ಥಗಿತಗೊಂಡು, 2021ರ ಜನವರಿಯಲ್ಲಿ ಶಾಲೆಗಳ ಆವರಣದಲ್ಲಿ ಪುನಃ ಆರಂಭವಾಯಿತು. ಮನೆಗೊಂದೇ ಮೊಬೈಲ್ ಇದ್ದು, ತಂದೆಯು ಅದನ್ನು ಹೊಲಕ್ಕೋ ಸಂತೆಗೋ ಒಯ್ದರೆ ಮಗುವಿನ ತರಗತಿಯೇ ಮನೆಯಿಂದ ಹೊರಟುಹೋದಂತೆ ಎಂಬುದನ್ನು ಆ ದಿನಗಳು ಮನಗಾಣಿಸಿದವು.

ಈಚೆಗೆ ಕೃತಕ ಬುದ್ಧಿಮತ್ತೆಯು ಮೊಬೈಲಿನೊಳಕ್ಕೆ ಪ್ರವೇಶಿಸಿದೆ. 2022ರಲ್ಲಿ ಕೇಂದ್ರ ಸರ್ಕಾರವು ಭಾಷಿಣಿ ಎಂಬ ಭಾಷಾ ವೇದಿಕೆಯನ್ನು ಆರಂಭಿಸಿತು. ಕನ್ನಡದ ಮಾತನ್ನು ಬರಹಕ್ಕಿಳಿಸುವ, ಬರಹವನ್ನು ಓದಿ ಹೇಳುವ, ಅನ್ಯಭಾಷೆಯಿಂದ ಅನುವಾದಿಸುವ ಕಾರ್ಯಗಳನ್ನು ಯಂತ್ರವೇ ಮಾಡತೊಡಗಿದೆ. ದೃಷ್ಟಿಹೀನ ವಿದ್ಯಾರ್ಥಿಗೆ ಇದು ಮಹದುಪಕಾರ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯುವ ಯಂತ್ರಗಳು ತಾವು ಕಲಿತ ಅಪಾರ ಬರಹದ ಆಧಾರದಿಂದ ಮುಂದಿನ ಪದವನ್ನು ಊಹಿಸುತ್ತಾ ಸಾಗುತ್ತವೆ. ತಪ್ಪನ್ನೂ ನಿರರ್ಗಳವಾಗಿ ಹೇಳಬಲ್ಲವು. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಬರಹ ಅವುಗಳಿಗೆ ದೊರೆತಿರುವುದು ಕಡಮೆಯಾದುದರಿಂದ ಇಲ್ಲಿ ಎಚ್ಚರವು ಹೆಚ್ಚಾಗಿಯೇ ಬೇಕು. ಉತ್ತರವು ಸರಿಯೆ ಎಂದು ನೋಡುವುದಕ್ಕೂ, ಮಗುವು ಅದನ್ನು ಅರಿತಿದೆಯೆ ನಕಲು ಮಾಡಿದೆಯೆ ಎಂದು ತಿಳಿಯುವುದಕ್ಕೂ ಶಿಕ್ಷಕನೇ ಬೇಕು.

ಆದುದರಿಂದ ಹೊಸ ಸಾಧನವನ್ನು ಹಳೆಯ ರೇಡಿಯೋ ಪೆಟ್ಟಿಗೆಯಂತೆ ಮತ್ತೆ ಸಮುದಾಯದ ಸ್ವತ್ತಾಗಿಸುವುದೇ ವಿವೇಕದ ಮಾರ್ಗ. ಶಾಲೆಗೆ ನೆರವಾಗಬಯಸುವ ದಾನಿಗಳು ಕೆಲವೇ ಮಕ್ಕಳಿಗೆ ಬೆಲೆಬಾಳುವ ಮೊಬೈಲ್ ಹಂಚುವುದಕ್ಕಿಂತ, ಪಾಠಗಳನ್ನು ತುಂಬಿಟ್ಟ ಕೆಲವು ಸಾಧನಗಳನ್ನು ಗ್ರಂಥಾಲಯದ ಪುಸ್ತಕಗಳಂತೆ ಶಾಲೆಯಲ್ಲಿರಿಸಿ, ಸಂಜೆಯ ವೇಳೆ ಸರದಿಯಂತೆ ಎಲ್ಲರಿಗೂ ದೊರೆಯುವಂತೆ ಮಾಡಿದರೆ ಅವರ ದಾನವು ಬಹುಕಾಲ ಫಲ ನೀಡುತ್ತದೆ. ತಂತ್ರಜ್ಞಾನದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅವುಗಳ ನಿರ್ವಹಣೆಯ ಹೊಣೆ ಹೊರಬಹುದು. ಪ್ರತಿ ವರ್ಷದ ಆರಂಭದಲ್ಲಿ ಯಾವ ಮಗುವಿನ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಶಿಕ್ಷಕರು ವಿಚಾರಿಸಿ ಬರೆದಿಟ್ಟುಕೊಂಡರೆ, ಮನೆಪಾಠ ಕೊಡುವಾಗ ಏನೂ ಇಲ್ಲದ ಮಗುವು ಹಿಂದೆ ಬೀಳುವುದಿಲ್ಲ.

ಪಾಠವು ಇಂದು ಅಂಗೈಗೆ ಬಂದಿದೆ. ಮೊಬೈಲ್ ಇಲ್ಲದ ಮನೆಯ ಮಗುವಿಗೂ ಅದು ಮುಟ್ಟಿದ ದಿನ ಈ ತಂತ್ರವು ವಿದ್ಯೆಯ ಹೆಸರಿಗೆ ಯೋಗ್ಯವಾಗುತ್ತದೆ.