ಕಾಡಿನ ದಾರಿ ಯಾರದ್ದು?



ನಮ್ಮೂರ ಗುಡ್ಡದ ಕಾಲುದಾರಿಯಲ್ಲಿ ದಿನಾ ಎಷ್ಟು ಜನ ಓಡಾಡ್ತಾರೆ, ಎಣಿಸಿದ್ದೀರಾ? ದನ ಮೇಯಿಸುವವರು, ಸೊಪ್ಪು ತರುವವರು, ಶಾಲೆಗೆ ಬರುವ ನಾವು. ಜನ ಹಲವರು, ದಾರಿ ಒಂದೇ.

ಬೇರೆ ದೇಶದಲ್ಲೂ ಹೀಗೇ ಇದೆ. ಅಮೆರಿಕದ ಎಷ್ಟೋ ರಾಜ್ಯಗಳ ಅರಣ್ಯದಲ್ಲಿ ನಡೆಯುವವರು, ಸೈಕಲ್‌ನವರು, ಕುದುರೆ ಸವಾರರು ಒಂದೇ ದಾರಿಯಲ್ಲಿ ಹೋಗುತ್ತಾರೆ. ಜಗಳ ಬಾರದಂತೆ ಸಾಮಾನ್ಯವಾಗಿ ಒಂದು ಕ್ರಮ ಪಾಲಿಸುತ್ತಾರೆ. ಸೈಕಲ್‌ನವರು ಉಳಿದ ಇಬ್ಬರಿಗೂ ದಾರಿ ಬಿಡಬೇಕು. ನಡೆಯುವವರು ಕುದುರೆಗೆ ಬಿಡಬೇಕು. ಯಾಕೆಂದರೆ ಕುದುರೆ ಬೆದರಿದರೆ ಎಲ್ಲರಿಗೂ ಅಪಾಯ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು.

ಒಂದು ದಾರಿಗೆ ಮಿತಿ ಮೀರಿ ಜನ ಬಂದರೆ? ನಮ್ಮ ಪುಷ್ಪಗಿರಿ ವನ್ಯಜೀವಿಧಾಮದ ಕುಮಾರಪರ್ವತ ನೋಡಿ. ಎತ್ತರ 1712 ಮೀಟರ್. 2024ರ ಜನವರಿಯಲ್ಲಿ ಸಾಲು ರಜೆ ಇದ್ದಾಗ ಸಾವಿರಾರು ಜನ ಒಟ್ಟಿಗೇ ಹತ್ತಲು ಬಂದರು. ಆಮೇಲೆ ಅರಣ್ಯ ಇಲಾಖೆ ಕೆಲವು ಕಾಲ ಚಾರಣವನ್ನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಮೊದಲೇ ಹೆಸರು ಕಾಯ್ದಿರಿಸಬೇಕು, ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಮಾತ್ರ ಎಂಬ ವ್ಯವಸ್ಥೆ ಬಂತು.

ಇಷ್ಟು ಲೆಕ್ಕ ಯಾಕೆ? ತುಳಿದ ಮಣ್ಣು ಗಟ್ಟಿಯಾಗುತ್ತದೆ. ಅಲ್ಲಿ ಮಳೆ ನೀರು ಇಂಗುವುದಿಲ್ಲ, ಹರಿಯುತ್ತದೆ. ದಾರಿ ಗುಡ್ಡವನ್ನು ಸುತ್ತಿ ಹೋದರೆ ನೀರು ಪಕ್ಕಕ್ಕೆ ಇಳಿದುಹೋಗುತ್ತದೆ. ನೇರ ಇಳಿದರೆ ನೀರೂ ಅದೇ ದಾರಿ ಹಿಡಿದು ಮಣ್ಣು ಕೊಚ್ಚುತ್ತದೆ. ದಾರಿ ಕೊರಕಲಾದರೆ ಜನ ಪಕ್ಕದಲ್ಲಿ ನಡೀತಾರೆ. ದಾರಿ ಅಗಲವಾಗಿ ಹುಲ್ಲು, ಸಸಿ ಸಾಯುತ್ತವೆ.

ನಾವೂ ಇದೇ ತಪ್ಪು ಮಾಡಿದ್ದೇವೆ. ಬೆಲ್ ಆಗ್ತದೆ ಅಂತ ಮಾವಿನಮರದ ತಿರುವಿನಲ್ಲಿ ನೇರ ಇಳಿದು ಇಳಿದು ಒಳದಾರಿ ಮಾಡಿದೆವು. ಕಳೆದ ಮಳೆಗಾಲದಲ್ಲಿ ಅದು ಮೊಣಕಾಲುದ್ದ ಕೊರಕಲಾಯ್ತು. ಕಲ್ಲು ಮಣ್ಣೆಲ್ಲ ಹಳೇ ದಾರಿಗೆ ಬಿತ್ತು. ಸೊಪ್ಪಿನ ಹೊರೆ ಹೊತ್ತ ನನ್ನ ಅಜ್ಜಿ ಅಲ್ಲೇ ಜಾರಿ ಬಿದ್ದು ಕೈ ಮುರಿದುಕೊಂಡರು. "ಯಾರು ಮಾರಾಯ ಅಲ್ಲಿ ದಾರಿ ಮಾಡಿದ್ದು?" ಅಂತ ಕೇಳಿದರು. ನಾನು ಸುಮ್ಮನಿದ್ದೆ.

ಈಗ ಹೇಳ್ತೇನೆ, ನಾವೇ ಮಾಡಿದ್ದು. ನಾವೇ ಸರಿ ಮಾಡೋಣ. ಒಳದಾರಿಯ ಬಾಯಿಗೆ ಮುಳ್ಳು ಹಾಕಿ ಮುಚ್ಚೋಣ. ಹಳೇ ದಾರಿಗೆ ಓರೆಯಾಗಿ ಕಲ್ಲು ಕೂರಿಸಿ ನೀರನ್ನು ಪಕ್ಕಕ್ಕೆ ತಿರುಗಿಸೋಣ. ಹೊರೆ ಹೊತ್ತವರು ಎದುರು ಬಂದರೆ ನಾವು ಸರಿದು ನಿಲ್ಲೋಣ.

ಶನಿವಾರ ಶಾಲೆ ಬಿಟ್ಟ ಮೇಲೆ ಬರುವವರು ಇದರ ಕೆಳಗೆ ಹೆಸರು ಬರೆಯಿರಿ. ಮೊದಲ ಹೆಸರು ನನ್ನದು.