ಏಳದ ಲ್ಯಾಪ್‌ಟಾಪು, ಉಳಿದ ಬರಹ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಪುಸ್ತಕಕ್ಕೆ ಬೂಷ್ಟು, ಲ್ಯಾಪ್‌ಟಾಪಿಗೆ ಥಂಡಿ. ಗುಂಡಿ ಒತ್ತಿದರೂ ಅದು ಏಳದಾದಾಗ, ವರ್ಷಗಟ್ಟಲೆ ಕೂಡಿಸಿದ ಟಿಪ್ಪಣಿಗಳೆಲ್ಲ ಹೋದುವೆಂದು ನನ್ನಂಥ ಬರೆಹಗಾರರ ಎದೆ ಕುಸಿಯುತ್ತದೆ. ಆದರೆ ಬರಹವಿರುವುದು ಒಳಗಿನ ಡಿಸ್ಕಿನಲ್ಲಿ. ಕೇಡು ಬಹುಮಟ್ಟಿಗೆ ಬೇರೆಡೆ ಇರುತ್ತದೆ.

ಮೊದಲು ಚಾರ್ಜರನ್ನು ಬೇರೆ ಪ್ಲಗ್ಗಿಗೆ ಹಾಕಿ ನೋಡಬೇಕು. ಸಿಡಿಲಿನ ಪೆಟ್ಟು ಅನೇಕ ವೇಳೆ ತಗಲುವುದು ಅದಕ್ಕೇ. ಅನಂತರ ಚಾರ್ಜರನ್ನೂ, ಕಳಚಲು ಬರುವಂಥದಾದರೆ ಬ್ಯಾಟರಿಯನ್ನೂ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಬರಿದಾಗಿ, ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಫ್ಯಾನು ಸದ್ದು ಮಾಡಿಯೂ ತೆರೆ ಕಪ್ಪಾಗಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ; ಅಕ್ಷರ ಮಸುಕಾಗಿ ಕಂಡರೆ ಕೆಟ್ಟಿರುವುದು ತೆರೆಯ ಬೆಳಕು ಮಾತ್ರ. ಅಡಿಕೆಯಂತೆ ಒಲೆಯ ಬಳಿ ಒಣಗಿಸುವ ಸಾಹಸವಂತೂ ಬೇಡ! ರಿಪೇರಿಗೆ ಕೊಡುವಾಗ ಡಿಸ್ಕನ್ನು ಅಳಿಸಕೂಡದೆಂದು ಮೊದಲೇ ಹೇಳಿರಿ. ಅನೇಕ ಯಂತ್ರಗಳಲ್ಲಿ ಅದನ್ನು ಕಳಚಿ, ಬೇರೊಂದಕ್ಕೆ ಜೋಡಿಸಿ ಬರಹವನ್ನು ಹೊರತೆಗೆಯಬಹುದು.