ಬೆದೆಯ ಲೆಕ್ಕ

ಮೈಸೂರು ಬಳಿಯ ಕಡಕೊಳದ ಸುತ್ತಿನ ಹಳ್ಳಿಗಳಲ್ಲಿ ಹಸು ಬೆದೆಗೆ ಬಂದರೆ ಈಗ ಹೋರಿ ಹುಡುಕಿಕೊಂಡು ಹೋಗುವವರು ಕಡಿಮೆ. ಡಾಕ್ಟರಿಗೆ ಫೋನ್ ಹೋಗುತ್ತದೆ, ಹೋರಿಯ ವೀರ್ಯವಿರುವ ದ್ರವ ಸಾರಜನಕದ ಕ್ಯಾನು ಬೈಕಿನಲ್ಲಿ ಕೊಟ್ಟಿಗೆಗೇ ಬರುತ್ತದೆ. ಕೃತಕ ಗರ್ಭಧಾರಣೆ ಭಾರತದಲ್ಲಿ ಮೊದಲು ನಡೆದದ್ದು ಇಲ್ಲೇ ಪಕ್ಕದಲ್ಲಿ. 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಹಾಕಿದರು. 33 ಹಸು ಗಬ್ಬ ಕಟ್ಟಿದವು. ವೀರ್ಯವನ್ನು ವರ್ಷಗಟ್ಟಲೆ ಕೆಡದಂತೆ ಇಡುವ ದಾರಿ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ಆ ದಾರಿ ಸಿಕ್ಕಿದ್ದು ಕೋಳಿಯಿಂದ. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಪೋಲ್ಜ್ ಮತ್ತು ಸಂಗಡಿಗರು ಹುಂಜದ ವೀರ್ಯಕ್ಕೆ ಗ್ಲಿಸರಾಲ್ ಬೆರೆಸಿದರೆ ಅದು ಹಿಮಗಟ್ಟಿದ ಮೇಲೂ ಜೀವಂತವಾಗಿರುತ್ತದೆಂದು ಕಂಡರು. ಹೋರಿಗೂ ಅದೇ ಉಪಾಯ ಒಗ್ಗಿತು. 1953ರ ಹೊತ್ತಿಗೆ ಹೀಗೆ ಕಾದಿಟ್ಟ ವೀರ್ಯದಿಂದ ಅಮೆರಿಕದಲ್ಲಿ ಹೆಂಗಸರೂ ಗರ್ಭ ಧರಿಸಿದರು. ಮುಂದೆ ಪ್ರನಾಳ ಶಿಶುವಿಗಾಗಿ 2010ರಲ್ಲಿ ನೊಬೆಲ್ ಪಡೆದ ರಾಬರ್ಟ್ ಎಡ್ವರ್ಡ್ಸ್ ಕೂಡ ಇಲಿಗಳ ಮೇಲೆ ಕೆಲಸ ಮಾಡಿ ಕಲಿತವರೇ. ಕೊಟ್ಟಿಗೆಯ ವಿದ್ಯೆ, ಆಸ್ಪತ್ರೆಯ ವಿದ್ಯೆ ಎಂದು ಇಲ್ಲಿ ಗೆರೆ ಎಳೆಯುವುದು ಸುಲಭವಲ್ಲ.

ಕರ್ನಾಟಕದಲ್ಲಿ ಈ ತಣ್ಣನೆಯ ತಂತ್ರ ಬೇರೂರಿದ್ದು ಹೆಸರಘಟ್ಟದಲ್ಲಿ. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಅಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಕೇಂದ್ರ ಶುರುವಾಯಿತು. ಮೈನಸ್ 196 ಡಿಗ್ರಿಯಲ್ಲಿ ಇಡುವ ಒಂದು ವೀರ್ಯಕಡ್ಡಿಯಲ್ಲಿ ಕಾಲು ಮಿಲಿಲೀಟರ್ ದ್ರವ, ಅದರೊಳಗೆ ಸುಮಾರು 2 ಕೋಟಿ ವೀರ್ಯಾಣು. ಕರಗಿಸಿದ ಮೇಲೆ ಅರ್ಧದಷ್ಟಾದರೂ ಚಲಿಸುತ್ತಿರಬೇಕು, ಇಲ್ಲದಿದ್ದರೆ ಆ ಕಂತೇ ತಿರಸ್ಕೃತ.

ಇಷ್ಟೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಪಶುವೈದ್ಯ ಪದವಿಯ ನಂತರ ಬೆಂಗಳೂರಿನ ಹೆಬ್ಬಾಳದ ಕಾಲೇಜಿನಂಥ ಕಡೆ ಎರಡು ವರ್ಷ ಸಂತಾನೋತ್ಪತ್ತಿ ಶಾಸ್ತ್ರವನ್ನೇ ಓದುವವರು ನಿಜವಾಗಿ ಪಳಗಿಸುವುದು ಕೈಯನ್ನು. ಬೆದೆಯ ಗುರುತಾಗಿ ಕಣ್ಣಿಗೆ ಕಾಣುವುದು ಇಷ್ಟೇ: ಒಂದೇ ಸಮನೆ ಅರಚುವ ಹಸು, ಇಳಿಬಿದ್ದ ಪಾರದರ್ಶಕ ಲೋಳೆ, ಮತ್ತೊಂದು ಹಸು ಮೇಲೇರಿದರೂ ಕದಲದೆ ನಿಲ್ಲುವುದು. ಉಳಿದದ್ದು ಬೆರಳಿಗೆ ಬಿಟ್ಟದ್ದು. ಉದ್ದನೆಯ ಕೈಗವಸು ತೊಟ್ಟು ಎಡಗೈಯನ್ನು ಗುದನಾಳದೊಳಗೆ ಇಳಿಸಿದಾಗ ಕೆಳಗೆ ಗರ್ಭಕಂಠ ಕೋಳಿಯ ಕುತ್ತಿಗೆಯ ಹಾಗೆ ಗಟ್ಟಿಯಾಗಿ ಸಿಗುತ್ತದೆ. ಅದನ್ನು ಹಿಡಿದು, ಬಲಗೈಯಲ್ಲಿರುವ ತೆಳು ಸಾಧನವನ್ನು ಒಳಗಿನ ಮೂರು ನಾಲ್ಕು ಉಂಗುರಗಳ ನಡುವೆ ದಾಟಿಸಬೇಕು. ಹೊಸಬರು ಸಾಧನವನ್ನು ಮುಂದಕ್ಕೆ ತಳ್ಳುತ್ತಾರೆ. ಪಳಗಿದವರು ಗರ್ಭಕಂಠವನ್ನೇ ಅದರ ಮೇಲೆ ಎಳೆದುಕೊಳ್ಳುತ್ತಾರೆ. ಉಂಗುರ ದಾಟಿ ಗರ್ಭಕೋಶದ ಬಾಯಿ ಮುಟ್ಟಿದೊಡನೆ ಬಿಡಬೇಕು. ಒಂದು ಅಂಗುಲ ಹೆಚ್ಚು ಹೋದರೆ ವೀರ್ಯ ಗರ್ಭಕೋಶದ ಎರಡು ಕವಲುಗಳಲ್ಲಿ, ಅಂದರೆ ಕೊಂಬುಗಳಲ್ಲಿ, ಒಂದಕ್ಕೇ ಸೇರುತ್ತದೆ, ಗರ್ಭಕೋಶದ ಗೋಡೆಗೆ ಗಾಯವೂ ಆಗಬಹುದು. ಎರಡು ತಿಂಗಳು ಕಳೆದ ಮೇಲೆ ಅದೇ ಕೈ, ಯಾವ ಯಂತ್ರವೂ ಇಲ್ಲದೆ, ಕೊಂಬೊಂದು ಉಬ್ಬಿರುವುದನ್ನು ಮುಟ್ಟಿ ‘ಗಬ್ಬ ನಿಂತಿದೆ’ ಎನ್ನುತ್ತದೆ. ಸ್ಕ್ಯಾನಿಂಗ್ ಬಂದ ಮೇಲೂ ನನಗೆ ಈ ಬೆರಳಿನ ಓದೇ ಹೆಚ್ಚು ಅಚ್ಚರಿ.

ಕೈ ಎಷ್ಟೇ ಪಳಗಿದ್ದರೂ ಹೊತ್ತು ತಪ್ಪಿದರೆ ಕಡ್ಡಿ ದಂಡ. ಬೆದೆ ಇರುವುದು ಹೆಚ್ಚುಕಡಿಮೆ 12ರಿಂದ 18 ಗಂಟೆ, ಅಂಡ ಬಿಡುಗಡೆ ಬೆದೆ ಇಳಿದು ಸುಮಾರು 10–12 ಗಂಟೆಯ ನಂತರ. ಅದಕ್ಕೇ ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಹಾಕಿಸುವ ರೂಢಿ. ಹಸು ಸಾಕಿರುವವರು ಬೆದೆ ಕಂಡ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಡಾಕ್ಟರಿಗೆ ಹೇಳಿ, 21 ದಿನಕ್ಕೆ ಮತ್ತೆ ಬೆದೆ ಬಂತೇ ಎಂದೂ ನೋಡಿ.